ಡಿಸ್ಕಸ್ ಮೀನು ಮತ್ತು ಕಪ್ಪು ನೀರಿನ ತೊಟ್ಟಿ

ಮಹಾನಗರಗಳ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ನಾಯಿ, ಬೆಕ್ಕುಗಳನ್ನು ಸಾಕುವ ಅನುಕೂಲ ಅಷ್ಟಾಗಿ ಇರುವುದಿಲ್ಲ. ಹಸು, ಕರುಗಳ ಮಾತಂತೂ ಊರಿಗೇ ಉಳಿದುಹೋಯಿತು. ಆದುದರಿಂದಲೇ ಹಜಾರದ ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿಯನ್ನಿರಿಸಿ ನಾಲ್ಕಾರು ಮೀನುಗಳನ್ನು ಸಾಕುವ ಹವ್ಯಾಸ ನಮ್ಮವರಲ್ಲಿ ಬಹುಕಾಲದಿಂದ ಬೆಳೆದು ಬಂದಿದೆ. ಗಪ್ಪಿ, ಗೋಲ್ಡ್‌ಫಿಷ್, ಏಂಜೆಲ್ ಎಂದು ಆರಂಭಿಸಿದವರ ಕಣ್ಣು ಕೆಲವು ವರ್ಷಗಳ ತರುವಾಯ ಡಿಸ್ಕಸ್ ಮೀನಿನ ಮೇಲೆ ಬೀಳುವುದು ಸಹಜ. ಊಟದ ತಟ್ಟೆಯಂತೆ ದುಂಡಗೆ, ಚಪ್ಪಟೆಯಾಗಿ, ಅಂಗೈಯಗಲಕ್ಕಿಂತ ದೊಡ್ಡದಾಗಿ ಬೆಳೆಯುವ ಈ ಮೀನು ಅವಸರವಿಲ್ಲದೆ ಸಂಚರಿಸುವ ಪರಿಯೇ ಬೇರೆ. ಅಕ್ವೇರಿಯಂ ವ್ಯಾಪಾರಿಗಳು ಇದನ್ನು ಮೀನುಗಳ ರಾಜನೆಂದು ಕರೆದು, ಅದಕ್ಕೆ ತಕ್ಕ ಬೆಲೆಯನ್ನೇ ಹೇಳುತ್ತಾರೆ. ಬೆಲೆ ತೆತ್ತು ತಂದ ಮೀನು ಒಂದೆರಡು ತಿಂಗಳಲ್ಲಿ ಮೈ ಕಪ್ಪಾಗಿಸಿಕೊಂಡು, ಮೂಲೆ ಸೇರಿ, ಆಹಾರ ಬಿಟ್ಟು ಸಾಯುವುದನ್ನು ಕಂಡ ಮನೆಗಳೂ ಕಡಿಮೆಯಿಲ್ಲ. ಬಹುಪಾಲು ಇಂತಹ ಸಾವುಗಳಿಗೆ ಕಾರಣ ರೋಗವಲ್ಲ, ನೀರು. ಆ ನೀರಿನ ವಿಚಾರವನ್ನೇ ಇಲ್ಲಿ ತುಸು ವಿಸ್ತಾರವಾಗಿ ನಿವೇದಿಸಬಯಸುತ್ತೇವೆ.

ಡಿಸ್ಕಸ್ ಮೀನಿನ ತವರು ದಕ್ಷಿಣ ಅಮೆರಿಕದ ಅಮೆಜಾನ್ ಜಲಾನಯನ ಪ್ರದೇಶ. ಆಸ್ಟ್ರಿಯಾದ ಪ್ರಕೃತಿ ಶಾಸ್ತ್ರಜ್ಞ ಯೋಹಾನ್ ನಾಟರರ್ 1817ರಿಂದ 1835ರವರೆಗೆ ಬ್ರೆಜಿಲ್‌ನಲ್ಲಿ ಸಂಚರಿಸಿ ಸಂಗ್ರಹಿಸಿದ ಜೀವಿಗಳಲ್ಲಿ ಇದೂ ಒಂದು. ಅದನ್ನು ಪರೀಕ್ಷಿಸಿ 1840ರಲ್ಲಿ ಸಿಂಫೈಸೊಡಾನ್ ಡಿಸ್ಕಸ್ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟವರು ವಿಯೆನ್ನಾದ ಯೋಹಾನ್ ಯಾಕೋಬ್ ಹೆಕೆಲ್. ಇಂದಿಗೂ ಹವ್ಯಾಸಿಗಳು ಆ ಮೂಲ ಜಾತಿಯನ್ನು ಹೆಕೆಲ್ ಡಿಸ್ಕಸ್ ಎಂದೇ ಕರೆಯುತ್ತಾರೆ. ಮೈಮೇಲಿನ ಒಂಬತ್ತು ಅಡ್ಡಪಟ್ಟಿಗಳಲ್ಲಿ ಕಣ್ಣಿನ ಮೇಲಿನದು, ನಡುವಿನದು, ಬಾಲದ ಬುಡದ್ದು ಗಾಢವಾಗಿ ಎದ್ದು ಕಾಣುವುದು ಅದರ ಗುರುತು. ಹೆಕೆಲ್ ಡಿಸ್ಕಸ್ ಹೇರಳವಾಗಿ ವಾಸಿಸುವುದು ರಿಯೊ ನೆಗ್ರೊ ನದಿಯ ಸೀಮೆಯಲ್ಲಿ. ಪೋರ್ಚುಗೀಸ್ ಭಾಷೆಯಲ್ಲಿ ಆ ಹೆಸರಿಗೆ ಕಪ್ಪು ನದಿ ಎಂದೇ ಅರ್ಥ.

ಅದು ಕಪ್ಪಾದದ್ದು ಹೇಗೆ? ಆ ನದಿ ಹರಿದು ಬರುವ ಸೀಮೆಯ ಬಹುಭಾಗ ಬಿಳಿ ಮರಳಿನ ನೆಲ. ಲಕ್ಷಾಂತರ ವರ್ಷಗಳ ಮಳೆಗೆ ಅಲ್ಲಿನ ಸುಣ್ಣ, ಮೆಗ್ನೀಸಿಯಂ ಮೊದಲಾದ ಲವಣಗಳೆಲ್ಲ ತೊಳೆದುಹೋಗಿವೆ. ಮೇಲೆ ದಟ್ಟವಾದ ಕಾಡು. ಉದುರಿದ ಎಲೆಗಳು ಪೂರ್ತಿಯಾಗಿ ಕೊಳೆಯದೆ, ಹ್ಯೂಮಿಕ್ ಮತ್ತು ಫಲ್ವಿಕ್ ಎಂಬ ಆಮ್ಲಗಳಾಗಿ ನೀರಿಗಿಳಿಯುತ್ತವೆ. ಮರಳು ಅವುಗಳನ್ನು ಹಿಡಿದಿಡಲಾರದು. ಹೀಗೆ ನೀರು ಹಾಲು ಬೆರೆಸದ ಚಹಾದ ಬಣ್ಣ ತಾಳುತ್ತದೆ. ಆಳದಲ್ಲಿ ಕಪ್ಪಾಗಿ ಕಂಡರೂ ಲೋಟದಲ್ಲಿ ಹಿಡಿದು ನೋಡಿದರೆ ಅದು ಸ್ವಚ್ಛ, ಪಾರದರ್ಶಕ. ಮನಾಉಸ್ ನಗರದ ಬಳಿ ಈ ಕಪ್ಪು ನದಿಯೂ ಆಂಡಿಸ್ ಪರ್ವತಗಳ ಮಣ್ಣನ್ನು ಹೊತ್ತು ತರುವ ಕೆಸರು ಬಣ್ಣದ ಸೊಲಿಮೊಯೆಸ್ ನದಿಯೂ ಕೂಡಿ, ಹಲವು ಕಿಲೋಮೀಟರ್‌ಗಳವರೆಗೆ ಬೆರೆಯದೆ ಪಕ್ಕಪಕ್ಕದಲ್ಲಿ ಹರಿಯುತ್ತವೆ. 1850ರಿಂದ 1852ರವರೆಗೆ ರಿಯೊ ನೆಗ್ರೊದಲ್ಲಿ ಸಂಚರಿಸಿದ ಆಲ್‌ಫ್ರೆಡ್ ರಸೆಲ್ ವಾಲೇಸ್ ಅಮೆಜಾನ್ ಸೀಮೆಯ ನದಿಗಳನ್ನು ಅವುಗಳ ನೀರಿನ ಬಣ್ಣದ ಮೇಲೆ ಬಿಳಿಯವು, ನೀಲಿಯವು, ಕಪ್ಪಿನವು ಎಂದು ವಿಂಗಡಿಸಿದರು. ಅವರ ಸಂಗ್ರಹವೆಲ್ಲ ಮರುಪ್ರಯಾಣದಲ್ಲಿ ಹಡಗಿಗೆ ಬೆಂಕಿ ಬಿದ್ದು ನಾಶವಾಯಿತಾದರೂ, ಕೈಯಾರೆ ಬರೆದಿದ್ದ ಮೀನುಗಳ ರೇಖಾಚಿತ್ರಗಳು ಉಳಿದುಕೊಂಡುದು ನಮ್ಮ ಪುಣ್ಯವೆನ್ನಬೇಕು.

ರಿಯೊ ನೆಗ್ರೊ ನೀರಿನ ಪಿ.ಎಚ್. 4ರಿಂದ 5ರ ಆಸುಪಾಸಿನಲ್ಲಿರುತ್ತದೆ. ಕರಗಿದ ಲವಣಗಳ ಪ್ರಮಾಣ ಲೀಟರಿಗೆ ಹತ್ತು ಮಿಲಿಗ್ರಾಂಗೂ ಕಡಿಮೆ, ಅಂದರೆ ಮಳೆನೀರಿಗೆ ಸಮೀಪ. ಇಲ್ಲಿಯೇ ನಮ್ಮ ಓದುಗರು ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕೆಂದು ಕೋರುತ್ತೇವೆ. ಕಪ್ಪು ನೀರಿನ ಹಿರಿಮೆ ಅದರ ಬಣ್ಣದಲ್ಲಿಲ್ಲ, ಅದರಲ್ಲಿ ಏನೂ ಇಲ್ಲದಿರುವುದರಲ್ಲಿದೆ. ಎಲೆ ಹಾಕಿ ನೀರನ್ನು ಕಂದಾಗಿಸುವುದು ಒಂದು ದಿನದ ಕೆಲಸ. ಗಡಸನ್ನು ಕಳೆಯುವುದು ನಿತ್ಯದ ಕೆಲಸ. ಬೋರ್‌ವೆಲ್ ನೀರಿಗೆ ಹತ್ತು ಎಲೆ ಹಾಕಿದರೆ ಅದು ಬಣ್ಣ ಕಟ್ಟಿದ ಗಡಸು ನೀರಾಗುತ್ತದೆಯೇ ಹೊರತು ರಿಯೊ ನೆಗ್ರೊ ಆಗುವುದಿಲ್ಲ. ಎಲೆಯಿಂದ ಇಳಿಯುವ ಅಲ್ಪಸ್ವಲ್ಪ ಆಮ್ಲವನ್ನು ನೀರಿನ ಬೈಕಾರ್ಬೊನೇಟ್ ನುಂಗಿಹಾಕುತ್ತದೆ, ಪಿ.ಎಚ್. ಇದ್ದಲ್ಲೇ ಇರುತ್ತದೆ.

ಇದಕ್ಕೆ ಪ್ರತಿಯಾಗಿ ಒಂದು ನ್ಯಾಯವಾದ ಪ್ರಶ್ನೆಯನ್ನು ಕೇಳಬಹುದು. ನಮ್ಮ ಅಂಗಡಿಗಳಲ್ಲಿ ದೊರೆಯುವ ಡಿಸ್ಕಸ್ ಅಮೆಜಾನಿನಿಂದ ಬಂದುದಲ್ಲವಲ್ಲ? ನಿಜ. ಥಾಯ್ಲೆಂಡ್, ಮಲೇಷಿಯಾಗಳಲ್ಲಿ, ನಮ್ಮಲ್ಲಿಯೇ ಚೆನ್ನೈ ಮುಂತಾದೆಡೆ ತಲೆತಲಾಂತರದಿಂದ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ತಳಿಗಳಿವು. ಪಿಜನ್ ಬ್ಲಡ್, ಟರ್ಕಾಯ್ಸ್, ರೆಡ್ ಮೆಲನ್ ಎಂದೆಲ್ಲ ಹೆಸರು ಹೊತ್ತ ಈ ಮೀನುಗಳು ಪಿ.ಎಚ್. 7ರ ಸುತ್ತಲಿನ ನೀರಿಗೂ ಹೊಂದಿಕೊಂಡಿವೆ. ಇವುಗಳಿಗಾಗಿ ಪಿ.ಎಚ್. 4.5 ಕಾಪಾಡಲು ಹೊರಡುವುದು ಅನಗತ್ಯ ಮಾತ್ರವಲ್ಲ, ಅಪಾಯಕರವೂ ಹೌದು. 6ರಿಂದ 6.8ರೊಳಗೆ ಸ್ಥಿರವಾಗಿರುವ ಮೆದು ನೀರು, ಮಂದ ಬೆಳಕು, ಎಲೆ ಕಷಾಯದ ತಿಳಿಗಂದು ಇಷ್ಟಿದ್ದರೆ ಅವು ನಿರ್ಭಯವಾಗಿ ಬಾಳುತ್ತವೆ, ಬಣ್ಣ ಗಾಢವಾಗುತ್ತದೆ, ಜೋಡಿಯಾದರೆ ಮೊಟ್ಟೆಯನ್ನೂ ಇಡುತ್ತವೆ. ಗಡಸು ನೀರಿನಲ್ಲಿ ಮೊಟ್ಟೆ ಇಟ್ಟರೂ ಮರಿಯಾಗುವುದು ವಿರಳ. ಕಾಡಿನಿಂದ ಹಿಡಿದು ತಂದ ಹೆಕೆಲ್ ಡಿಸ್ಕಸ್ ಸಾಕುವವರಿಗೆ ಮಾತ್ರ ನಿಜವಾದ ಆಮ್ಲೀಯ ಕಪ್ಪು ನೀರೇ ಬೇಕು. ಪ್ರಥಮ ಪ್ರಯತ್ನಕ್ಕೆ ಅದು ತಕ್ಕುದಲ್ಲ.

ತೊಟ್ಟಿಯೂ ಕಟ್ಟಡವೂ

ಡಿಸ್ಕಸ್ ಗುಂಪಿನಲ್ಲಿ ಬಾಳುವ ಮೀನು. ಒಂದೆರಡನ್ನು ತಂದರೆ ಬಲಿಷ್ಠವಾದದ್ದು ಇನ್ನೊಂದನ್ನು ಮೇವಿನ ಹತ್ತಿರ ಸುಳಿಯಗೊಡುವುದಿಲ್ಲ. ಐದಾರಾದರೂ ಇದ್ದರೆ ಆ ಪೀಡನೆ ಹಂಚಿಹೋಗುತ್ತದೆ. ಒಂದಕ್ಕೆ 40 ಲೀಟರಿನಂತೆ ಎಣಿಸಿ, ಸ್ವಲ್ಪ ಕೈಬಿಚ್ಚಿ ಹೇಳುವುದಾದರೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ ಆರು ಮೀನುಗಳಿಗೆ ಸಾಕು. ಇದರಲ್ಲಿ ಸುಮಾರು 340 ಲೀಟರ್ ನೀರು ಹಿಡಿಯುತ್ತದೆ. ಗಾಜು, ಮರಳು, ಸ್ಟ್ಯಾಂಡ್ ಸೇರಿ ಭಾರ ನಾಲ್ಕು ಕ್ವಿಂಟಲನ್ನು ಮೀರುತ್ತದೆ. ವಾಸದ ಮನೆಗಳ ಮಹಡಿಯನ್ನು ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ ಸರಾಸರಿ 200 ಕಿಲೋ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ತೊಟ್ಟಿಯ ಭಾರವೋ ಅರ್ಧ ಚದರ ಮೀಟರಿಗಿಂತ ತುಸು ಹೆಚ್ಚಿನ ಜಾಗದಲ್ಲಿ ಕೂರುತ್ತದೆ. ಆದುದರಿಂದ ಕೋಣೆಯ ನಡುವೆಯಾಗಲಿ ಬಾಲ್ಕನಿಯಲ್ಲಾಗಲಿ ಇಡದೆ, ಕೆಳಗೆ ತೊಲೆ ಹಾದುಹೋಗುವ ಗೋಡೆಗೆ ಒತ್ತಿ ಇಡುವುದು ಕ್ಷೇಮ. ಮುಂಬಯಿಯ ಹಳೆಯ ಚಾಳುಗಳಲ್ಲಿ, ಸೋರಿಕೆಗೊಂಡ ಹಳೆಯ ಸೊಸೈಟಿ ಕಟ್ಟಡಗಳಲ್ಲಿ ಇರುವವರು ಮೊದಲು ಒಬ್ಬ ಇಂಜಿನಿಯರರ ಅಭಿಪ್ರಾಯ ಪಡೆಯಲಿ. ಕೆಳಮನೆಯವರೊಂದಿಗಿನ ಸಂಬಂಧ ಮೀನಿಗಿಂತ ಮುಖ್ಯ.

ತಳಕ್ಕೆ ಚೆನ್ನಾಗಿ ತೊಳೆದ ನಯವಾದ ನದಿ ಮರಳು ಒಂದಂಗುಲ ಸಾಕು. ಅಂಗಡಿಯವರು ತೋರಿಸುವ ಕಪ್ಪೆಚಿಪ್ಪು, ಹವಳದ ಚೂರು, ಅಮೃತಶಿಲೆಯ ಹರಳು ಇವೆಲ್ಲ ಸುಣ್ಣದ ಸಂತಾನ. ನೀರನ್ನು ಮತ್ತೆ ಗಡಸಾಗಿಸುತ್ತವೆ. ಕಲ್ಲಿನ ಬಗ್ಗೆ ಅನುಮಾನವಿದ್ದರೆ ಮೇಲೆ ನಿಂಬೆರಸ ಹಿಂಡಿ ನೋಡಿದರಾಯಿತು, ಗುಳ್ಳೆ ಎದ್ದರೆ ಬೇಡ. ನೀರಿನಲ್ಲಿ ನೆನೆದು ಮುಳುಗುವಂತಾದ ಮರದ ಕೊರಡು ಒಂದೆರಡನ್ನು ನಿಲ್ಲಿಸಿದರೆ ಮೀನಿಗೆ ಆಸರೆ. ಅಮೆಜಾನಿನಲ್ಲಿಯೂ ಅವು ನೆರೆಯಲ್ಲಿ ಮುಳುಗಿದ ಮರಗಳ ಬೇರು, ಕೊಂಬೆಗಳ ನಡುವೆಯೇ ಇರುತ್ತವೆ. ರಿಯೊ ನೆಗ್ರೊ ಮಳೆಗಾಲಕ್ಕೂ ಬೇಸಗೆಗೂ ನಡುವೆ ಹತ್ತು ಮೀಟರಿನಷ್ಟು ಏರಿಳಿಯುವ ನದಿ; ವರ್ಷದಲ್ಲಿ ಹಲವು ತಿಂಗಳು ಕಾಡೇ ಮೀನಿನ ಮನೆ.

ಬೆಳಕು ಮಂದವಾಗಿರಲಿ. ಫಿಲ್ಟರ್ ಬಲವಾಗಿರಲಿ, ಆದರೆ ನೀರಿನ ಸೆಳೆತ ಕಡಿಮೆಯಿರಲಿ. ಉಷ್ಣತೆ 28ರಿಂದ 30 ಡಿಗ್ರಿ ಸೆಲ್ಸಿಯಸ್. ಮುಂಬಯಿ, ಚೆನ್ನೈಗಳಲ್ಲಿ ವರ್ಷದ ಬಹುಭಾಗ ಹೀಟರ್ ಸುಮ್ಮನಿರುತ್ತದೆ. ದೆಹಲಿಯ ಪುಷ್ಯ ಮಾಸದ ಚಳಿಯಲ್ಲಿ ಮಾತ್ರ ಅದೇ ಪ್ರಾಣ. ಅಲ್ಲಿನವರು ಒಂದು ದೊಡ್ಡ ಹೀಟರಿನ ಬದಲು 300 ವಾಟ್‌ನ ಎರಡನ್ನು ಹಾಕಿಕೊಂಡರೆ ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ, ತೊಟ್ಟಿಯ ಹಿಂಬದಿಗೆ ಥರ್ಮೊಕೋಲ್ ಹಲಗೆ ಅಂಟಿಸಿದರೆ ವಿದ್ಯುತ್ ಖರ್ಚೂ ತಗ್ಗುತ್ತದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆಂಬುದನ್ನು ಮರೆಯಬಾರದು. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆಯಷ್ಟೇ ಹಿಡಿಯುತ್ತದೆ. ವಿದ್ಯುತ್ ಹೋದಾಗ ಮೊದಲು ತಟ್ಟುವುದು ಇದೇ. ಬ್ಯಾಟರಿಯಿಂದ ನಡೆಯುವ ಒಂದು ಏರ್ ಪಂಪು ಮನೆಯಲ್ಲಿ ಇರಲೇಬೇಕು.

ನಲ್ಲಿಯ ನೀರನ್ನು ನದಿಯ ನೀರಾಗಿಸುವುದು

ಮೊದಲು ನಿಮ್ಮ ನಲ್ಲಿಯ ನೀರನ್ನು ಅರಿಯಬೇಕು. ಕೆಲವು ನೂರು ರೂಪಾಯಿಗೆ ಸಿಗುವ ಪೆನ್ನಿನಾಕಾರದ ಟಿ.ಡಿ.ಎಸ್. ಮೀಟರ್ ಮತ್ತು ಹನಿ ಹಾಕಿ ನೋಡುವ ಪಿ.ಎಚ್., ಕೆ.ಎಚ್. ಪರೀಕ್ಷಾ ಕಿಟ್ ಇವೆರಡು ಇಲ್ಲದೆ ಡಿಸ್ಕಸ್ ತರುವುದು ಕಣ್ಣು ಕಟ್ಟಿಕೊಂಡು ರಸ್ತೆ ದಾಟಿದಂತೆ. ಕೆ.ಎಚ್. ಎಂದರೆ ನೀರಿನಲ್ಲಿರುವ ಬೈಕಾರ್ಬೊನೇಟ್ ಪ್ರಮಾಣ, ಪಿ.ಎಚ್. ಥಟ್ಟನೆ ಕುಸಿಯದಂತೆ ತಡೆಯುವ ಆಧಾರ ಅದೇ. ಮುಂಬಯಿ, ಪುಣೆಗಳಿಗೆ ಸಹ್ಯಾದ್ರಿಯ ಮಳೆ ತುಂಬಿದ ಕೆರೆ, ಜಲಾಶಯಗಳ ನೀರು ಬರುವುದರಿಂದ ಅಲ್ಲಿನ ಮಹಾನಗರಪಾಲಿಕೆಯ ನೀರು ಬಹುಮಟ್ಟಿಗೆ ಮೆದು. ಹೈದರಾಬಾದಿನ ಬೋರ್‌ವೆಲ್, ಚೆನ್ನೈನ ಟ್ಯಾಂಕರ್, ದೆಹಲಿಯ ಅಂತರ್ಜಲ ಇವುಗಳ ಕಥೆಯೇ ಬೇರೆ. ಬಕೆಟ್ಟಿನ ಅಂಚಿಗೆ ಹತ್ತುವ ಬಿಳಿ ಪೊರೆಯೇ ಅದನ್ನು ಸಾರಿ ಹೇಳುತ್ತದೆ.

ಗಡಸು ನೀರಿರುವವರಿಗೆ ಸುಲಭ ಮಾರ್ಗ ಆರ್.ಓ. ಯಂತ್ರ. ಆರ್.ಓ. ನೀರನ್ನೇ ಸಂಪೂರ್ಣವಾಗಿ ತುಂಬಬಾರದು, ಅದರಲ್ಲಿ ಪಿ.ಎಚ್. ಹಿಡಿದು ನಿಲ್ಲಿಸುವ ಶಕ್ತಿಯೇ ಇರುವುದಿಲ್ಲ. ಬೆರೆಸಿ ಬಳಸಬೇಕು. ಲೆಕ್ಕ ಸರಳ. ನಲ್ಲಿಯ ನೀರಿನ ಟಿ.ಡಿ.ಎಸ್. 400, ಆರ್.ಓ. ನೀರಿನದು 20 ಎಂದಿಟ್ಟುಕೊಳ್ಳಿ. ಒಂದು ಪಾಲು ನಲ್ಲಿ ನೀರಿಗೆ ಮೂರು ಪಾಲು ಆರ್.ಓ. ಸೇರಿಸಿದರೆ 115 ಬರುತ್ತದೆ. ತೊಟ್ಟಿಯಲ್ಲಿ ಹುಟ್ಟಿದ ಡಿಸ್ಕಸ್‌ಗೆ 80ರಿಂದ 120 ಹಿತವಾದ ಮಟ್ಟ, ಕೆ.ಎಚ್. ಒಂದೆರಡು ಡಿಗ್ರಿ ಉಳಿದಿರಬೇಕು. ನಲ್ಲಿಯ ನೀರಿನ ಕ್ಲೋರಿನ್ ಕಳೆಯಲು ಹಿಂದೆ ಫೋಟೋ ಸ್ಟುಡಿಯೋದವರು ಬಳಸುತ್ತಿದ್ದ ಹೈಪೋ ಹರಳನ್ನೇ ಅಕ್ವೇರಿಯಂ ಅಂಗಡಿಗಳಲ್ಲಿ ದ್ರಾವಣವಾಗಿ ಮಾರುತ್ತಾರೆ.

ಇಲ್ಲಿ ಮನಸ್ಸಾಕ್ಷಿಯ ಮಾತೊಂದನ್ನು ಮುಚ್ಚಿಡಲಾಗದು. ವಾರಕ್ಕೆರಡು ಬಾರಿ ತೊಟ್ಟಿಯ ಕಾಲು ಭಾಗ ನೀರು ಬದಲಿಸುವುದಾದರೆ ಮೇಲಿನ ಲೆಕ್ಕದಲ್ಲಿ ವಾರಕ್ಕೆ ಸುಮಾರು 130 ಲೀಟರ್ ಆರ್.ಓ. ನೀರು ಬೇಕು. ಮನೆಯ ಆರ್.ಓ. ಯಂತ್ರ ಅದರ ಎರಡು ಮೂರು ಪಟ್ಟು ನೀರನ್ನು ಹೊರಚೆಲ್ಲುತ್ತದೆ. 2019ರ ಬೇಸಗೆಯಲ್ಲಿ ಚೆನ್ನೈನ ಜಲಾಶಯಗಳು ಬತ್ತಿ, ಜನ ಬಿಂದಿಗೆ ಹಿಡಿದು ಟ್ಯಾಂಕರಿಗೆ ಸಾಲು ನಿಂತದ್ದನ್ನು ಕಂಡವರು ನಾವು. ಹೊರಚೆಲ್ಲುವ ನೀರನ್ನು ಡ್ರಮ್ಮಿಗೆ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ, ಪಾತ್ರೆಯ ಮೊದಲ ತೊಳೆತಕ್ಕೆ ಬಳಸುವ ವ್ಯವಸ್ಥೆ ಮನೆಯಲ್ಲಾಗದಿದ್ದರೆ, ಗಡಸು ನೀರಿನ ಊರಿನಲ್ಲಿ ಈ ಹವ್ಯಾಸಕ್ಕೆ ಕೈ ಹಾಕದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ. ತೊಟ್ಟಿಯಿಂದ ತೆಗೆದ ಹಳೆಯ ನೀರಂತೂ ಗಿಡಗಳಿಗೆ ಅಮೃತ. ತುಳಸಿ, ಕರಿಬೇವುಗಳು ಅದನ್ನು ಕುಡಿದು ಚಿಗುರುವುದನ್ನು ನೋಡಿದವರೇ ಬಲ್ಲರು. ಮಳೆಗಾಲದ ಮೊದಲ ಕೆಲವು ಮಳೆಗಳಲ್ಲಿ ಗಾಳಿಯ ಧೂಳು, ಮಸಿ ಇಳಿದುಹೋದ ಮೇಲೆ, ತಾರಸಿಯಲ್ಲಿ ಶುದ್ಧವಾದ ಪ್ಲಾಸ್ಟಿಕ್ ಹಾಳೆ ಕಟ್ಟಿ ನೇರವಾಗಿ ಹಿಡಿದ ಮಳೆನೀರು ಆರ್.ಓ. ನೀರಿಗೆ ಸಾಟಿ. ತಗಡಿನ ಮಾಡಿನಿಂದ ಇಳಿದದ್ದು ಬೇಡ.

ಬಣ್ಣಕ್ಕೆ ನಾವು ಅಮೆಜಾನಿನವರೆಗೆ ಹೋಗಬೇಕಾಗಿಲ್ಲ. ಮುಂಬಯಿ, ಚೆನ್ನೈಗಳ ರಸ್ತೆಯ ಇಕ್ಕೆಲಗಳಲ್ಲಿ ಛತ್ರಿಯಂತೆ ಹರಡಿ ನಿಲ್ಲುವ ಕಾಡುಬಾದಾಮಿ ಮರದ ಎಲೆಯೇ ಜಗತ್ತಿನಾದ್ಯಂತ ಅಕ್ವೇರಿಯಂ ಹವ್ಯಾಸಿಗಳು ಹಣ ಕೊಟ್ಟು ತರಿಸಿಕೊಳ್ಳುವ ಎಲೆ. ಮಹಾರಾಷ್ಟ್ರದಲ್ಲಿ ಜಂಗ್ಲಿ ಬದಾಮ್ ಎನ್ನುವುದು ಇದನ್ನೇ. ನಮ್ಮ ಫುಟ್‌ಪಾತಿನಲ್ಲಿ ಕಸವೆಂದು ಗುಡಿಸಿಹಾಕುವ ವಸ್ತು ಯೂರೋಪಿನಲ್ಲಿ ಹತ್ತರ ಕಟ್ಟಾಗಿ ಮಾರಾಟವಾಗುತ್ತದೆ! ಕೆಂಪಾಗಿ ತಾನಾಗಿ ಉದುರಿದ, ಪೂರ್ತಿ ಒಣಗಿದ ಎಲೆಯನ್ನು ವಾಹನದ ಹೊಗೆ, ಔಷಧ ಸಿಂಪಡಣೆಗಳಿಲ್ಲದ ಉದ್ಯಾನದಿಂದ ಆರಿಸಿ, ತೊಳೆದು, ಮೇಲೆ ಕುದಿನೀರು ಸುರಿದು ಬಳಸಬೇಕು. 50 ಲೀಟರಿಗೆ ಒಂದೆಲೆಯಂತೆ ಆರಂಭಿಸಿ ಎರಡು ಮೂರು ವಾರಕ್ಕೊಮ್ಮೆ ಬದಲಿಸಿದರೆ ಸಾಕು. ಇಲ್ಲವೇ ನಾಲ್ಕಾರು ಎಲೆಗಳನ್ನು ಪ್ರತ್ಯೇಕ ಪಾತ್ರೆಯಲ್ಲಿ ಕುದಿಸಿ ಕಷಾಯ ಮಾಡಿ, ಸೋಸಿ, ತಣಿಸಿ, ಬಣ್ಣ ನೋಡಿಕೊಂಡು ಬೆರೆಸಬಹುದು. ಕಷಾಯದ ವಿದ್ಯೆಯನ್ನು ನಮ್ಮ ಗೃಹಿಣಿಯರಿಗೆ ಹೇಳಿಕೊಡುವ ಅಗತ್ಯವಿಲ್ಲವಷ್ಟೆ. ಎಲೆಯಿಂದ ಇಳಿಯುವ ಒಗರಿನ ಅಂಶ, ಅಂದರೆ ಟ್ಯಾನಿನ್, ಬೂಷ್ಟನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಫಿಲ್ಟರಿನಲ್ಲಿ ಇದ್ದಿಲಿನ ಚೀಲವಿದ್ದರೆ ತೆಗೆದುಬಿಡಬೇಕು. ಇಲ್ಲದಿದ್ದರೆ ರಾತ್ರಿ ಹಾಕಿದ ಬಣ್ಣವನ್ನು ಅದು ಎರಡು ದಿನದಲ್ಲಿ ಹೀರಿಕೊಳ್ಳುತ್ತದೆ. ಮನೆಗೆ ಬಂದ ನೆಂಟರು ‘ನೀರು ಬದಲಿಸಿ ಬಹಳ ದಿನವಾಯಿತೇ?’ ಎಂದು ಕೇಳುವುದಕ್ಕೆ ಮಾತ್ರ ಯಾವ ಉಪಾಯವೂ ಇಲ್ಲ.

ಕಾಣದ ಅಪಾಯ

ಮೀನು ತನ್ನ ಕಿವಿರಿನಿಂದಲೂ ಮಲದಿಂದಲೂ ಅಮೋನಿಯಾ ಹೊರಹಾಕುತ್ತದೆ. ಫಿಲ್ಟರಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆದುದರಿಂದ ತೊಟ್ಟಿ ತಂದ ದಿನವೇ ಮೀನು ತರುವುದು ಸಲ್ಲದು. ಇಷ್ಟು ಎಲ್ಲ ತೊಟ್ಟಿಗಳಿಗೂ ಸಮಾನವಾದ ವಿಷಯ. ಕಪ್ಪು ನೀರಿನಲ್ಲಿ ಇನ್ನೊಂದು ತಿರುವಿದೆ.

ಪಿ.ಎಚ್. 6ಕ್ಕಿಂತ ಕೆಳಗಿಳಿದಾಗ ಈ ಬ್ಯಾಕ್ಟೀರಿಯಾಗಳ ಕೆಲಸ ಬಹಳ ನಿಧಾನವಾಗುತ್ತದೆ. ಆಗ ತ್ಯಾಜ್ಯ ಶೇಖರವಾಗುತ್ತ ಹೋಗುತ್ತದೆ. ಆದರೂ ಮೀನುಗಳು ಚೆನ್ನಾಗಿಯೇ ಇರುತ್ತವೆ, ಏಕೆಂದರೆ ಆಮ್ಲೀಯ ನೀರಿನಲ್ಲಿ ಅಮೋನಿಯಾ ಬಹುತೇಕ ಅಮೋನಿಯಂ ಎಂಬ ನಿರುಪದ್ರವಿ ರೂಪದಲ್ಲಿರುತ್ತದೆ. 28 ಡಿಗ್ರಿ ಉಷ್ಣತೆಯಲ್ಲಿ, ಪಿ.ಎಚ್. 6 ಇದ್ದಾಗ ವಿಷರೂಪದಲ್ಲಿರುವುದು ಒಟ್ಟು ಮೊತ್ತದಲ್ಲಿ ಸಾವಿರಕ್ಕೆ ಒಂದು ಪಾಲೂ ಇಲ್ಲ. ಪಿ.ಎಚ್. 7ಕ್ಕೆ ಅದು ಸಾವಿರಕ್ಕೆ ಏಳು. 8ಕ್ಕೆ ಸಾವಿರಕ್ಕೆ ಅರುವತ್ತೈದರಷ್ಟು. ಈಗ ಊಹಿಸಿ ನೋಡಿ. ಕೆಲಸದ ಒತ್ತಡದಲ್ಲಿ ಒಂದು ತಿಂಗಳು ನೀರು ಬದಲಿಸಿಲ್ಲ. ಬೈಕಾರ್ಬೊನೇಟ್ ತೀರಿ ಪಿ.ಎಚ್. ಐದೂವರೆಗೆ ಕುಸಿದಿದೆ, ಅಮೋನಿಯಂ ತುಂಬಿದೆ, ಮೀನು ಈಜಾಡುತ್ತಿದೆ. ಭಾನುವಾರ ಬೆಳಗ್ಗೆ ಮನೆಯೊಡೆಯರು ಕರ್ತವ್ಯ ನೆನೆದು, ಅರ್ಧ ತೊಟ್ಟಿ ಖಾಲಿ ಮಾಡಿ, ಪಿ.ಎಚ್. 8ರ ನಲ್ಲಿ ನೀರನ್ನು ಪೈಪಿನಿಂದ ತುಂಬುತ್ತಾರೆ. ನಿಮಿಷಗಳೊಳಗೆ ಅಮೋನಿಯಂ ಅಮೋನಿಯಾ ಆಗಿ ಮಾರ್ಪಡುತ್ತದೆ. ಸಂಜೆಗೆ ಮೀನುಗಳು ಬಾಯಿ ತೆರೆದು ನೀರಿನ ಮೇಲ್ಮಟ್ಟಕ್ಕೆ ಬಂದಿರುತ್ತವೆ. ‘ನೀರು ಬದಲಿಸಿದ್ದರಿಂದಲೇ ಸತ್ತವು’ ಎಂದು ಮನೆಮಂದಿ ತೀರ್ಮಾನಿಸಿ, ಮುಂದಿನ ಬಾರಿ ಇನ್ನೂ ತಡವಾಗಿ ಬದಲಿಸುತ್ತಾರೆ. ಡಿಸ್ಕಸ್ ಸಾಕಣೆಯಲ್ಲಿ ಅತಿ ಹೆಚ್ಚು ಮೀನುಗಳನ್ನು ಬಲಿ ತೆಗೆದುಕೊಂಡ ಸರಪಳಿ ಇದೇ ಇರಬೇಕೆಂದು ನಮ್ಮ ಅನುಮಾನ.

ಇದಕ್ಕೆ ಪರಿಹಾರ ಔಷಧದ ಅಂಗಡಿಯಲ್ಲಿಲ್ಲ. ಪಿ.ಎಚ್. ಇಳಿಸುವ ದ್ರಾವಣಗಳನ್ನು ಮಾರುತ್ತಾರೆ ನಿಜ. ಗಡಸು ನೀರಿನಲ್ಲಿ ಅದನ್ನು ಸುರಿದರೆ ಇಂದು ಇಳಿದದ್ದು ನಾಳೆ ಏರುತ್ತದೆ. ಈ ಉಯ್ಯಾಲೆಯನ್ನು ಯಾವ ಮೀನೂ ತಾಳದು. ಪಿ.ಎಚ್. ಮಾಪನದಲ್ಲಿ ಒಂದು ಅಂಕಿಯೆಂದರೆ ಹತ್ತು ಪಟ್ಟು ವ್ಯತ್ಯಾಸವೆಂಬುದನ್ನು ಶಾಲೆಯಲ್ಲಿ ಓದಿರುತ್ತೇವೆ, ತೊಟ್ಟಿಯ ಮುಂದೆ ನಿಂತಾಗ ಮರೆಯುತ್ತೇವೆ. ಮಾಡಬೇಕಾದದ್ದು ಇಷ್ಟೆ. ಮುಚ್ಚಳವಿರುವ 100 ಲೀಟರಿನ ಒಂದು ಡ್ರಮ್ಮಿನಲ್ಲಿ ಹಿಂದಿನ ದಿನವೇ ನೀರು ಬೆರೆಸಿ, ಕಷಾಯ ಸೇರಿಸಿ, ಹೀಟರ್ ಮತ್ತು ಗಾಳಿಕಲ್ಲು ಇಳಿಬಿಟ್ಟು ರಾತ್ರಿಯಿಡೀ ಬಿಡಬೇಕು. ಮರುದಿನ ಡ್ರಮ್ಮಿನ ಪಿ.ಎಚ್., ಟಿ.ಡಿ.ಎಸ್., ಉಷ್ಣತೆ ಮೂರೂ ತೊಟ್ಟಿಯದಕ್ಕೆ ಹೊಂದಿದ ಬಳಿಕ ನಿಧಾನವಾಗಿ ಸೇರಿಸಬೇಕು. ವಾರಕ್ಕೆರಡು ಬಾರಿ ಕಾಲು ಭಾಗ. ಮರಿಗಳಿದ್ದರೆ ದಿನವೂ. ನೀರಿನ ಅಂಕಿಗಳು ಪುಸ್ತಕಕ್ಕಿಂತ ಸ್ವಲ್ಪ ಹೆಚ್ಚುಕಡಿಮೆಯಿದ್ದರೂ ಚಿಂತೆಯಿಲ್ಲ, ಇಂದಿನಂತೆಯೇ ನಾಳೆಯೂ ಇರಬೇಕು.

ಮೀನು, ಮೇವು, ಜೊತೆಗಾರರು

ಕೊಳ್ಳುವಾಗ ಎರಡಂಗುಲದ ಮರಿಗಳಿಗೆ ಮಾರುಹೋಗದೆ ಮೂರೂವರೆ, ನಾಲ್ಕಂಗುಲದವನ್ನೇ ಆರಿಸಬೇಕು. ಮೈ ದುಂಡಗಿರಲಿ, ಹಣೆ ತುಂಬಿರಲಿ. ಮೈ ಸಣ್ಣದಿದ್ದು ಕಣ್ಣು ದೊಡ್ಡದಾಗಿ ಕಂಡರೆ ಅದು ಬೆಳವಣಿಗೆ ಕುಂಠಿತವಾದ ಮೀನು, ಎಷ್ಟು ಅಗ್ಗವಾದರೂ ಬೇಡ. ಅಂಗಡಿಯವರಿಗೆ ಮೇವು ಹಾಕಿಸಿ ತಿನ್ನುವುದನ್ನು ಕಣ್ಣಾರೆ ನೋಡಿ. ಒಂದೇ ಕಿವಿರಿನಿಂದ ಉಸಿರಾಡುವುದು, ಬಿಳಿ ದಾರದಂತಹ ಮಲ ಇವು ರೋಗಲಕ್ಷಣಗಳು. ತಂದ ಮೀನನ್ನು ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿರಿಸಿಯೇ ಹಳೆಯವುಗಳ ಜೊತೆ ಬಿಡಬೇಕು.

ಮೇವಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಸಂಕೋಚವಿರುತ್ತದೆ. ತಳಿಗಾರರು ಮೀನು ಬೇಗ ಬೆಳೆಯಲೆಂದು ಪ್ರಾಣಿಗಳ ಹೃದಯದ ಮಾಂಸವನ್ನು ಅರೆದು ತಿನ್ನಿಸುತ್ತಾರೆ. ಅದು ಅನಿವಾರ್ಯವೆಂದು ಭಾವಿಸಬೇಕಾಗಿಲ್ಲ. ಕಾಡಿನ ಡಿಸ್ಕಸ್ ಪಾಚಿ, ಕೊಳೆತ ಎಲೆಯ ಪುಡಿ, ಸಣ್ಣ ನೀರ್ಹುಳುಗಳನ್ನು ತಿಂದು ಬದುಕುವ ಮೀನು. ಉತ್ತಮ ದರ್ಜೆಯ ಹರಳು ಮೇವು, ಸ್ಪೈರುಲಿನಾ, ಆಗೀಗ ಹೆಪ್ಪುಗಟ್ಟಿಸಿದ ಬ್ಲಡ್‌ವರ್ಮ್ ಸಾಕಾಗುತ್ತವೆ. ಚರಂಡಿಗಳಲ್ಲಿ ಹಿಡಿದು ಮಾರುವ ಜೀವಂತ ಟ್ಯೂಬಿಫೆಕ್ಸ್ ಹುಳುವನ್ನು ಮಾತ್ರ ಮನೆಯೊಳಗೆ ತರಲೇಬೇಡಿ.

ಜೊತೆಗಾರರಾಗಿ ಕಾರ್ಡಿನಲ್ ಟೆಟ್ರಾ ಗುಂಪು ಒಪ್ಪುತ್ತದೆ. ಕೆಂಪು, ನೀಲಿ ಪಟ್ಟಿಯ ಆ ಪುಟ್ಟ ಮೀನು ಕೂಡ ರಿಯೊ ನೆಗ್ರೊದ್ದೇ. ನದಿಯ ದಂಡೆಯ ಬಾರ್ಸೆಲೊಸ್ ಎಂಬ ಪಟ್ಟಣದ ಬಹುಜನರ ಜೀವನ ಇಂತಹ ಅಲಂಕಾರಿಕ ಮೀನು ಹಿಡಿಯುವುದರ ಮೇಲೆ ನಿಂತಿತ್ತು. ಅಲ್ಲಿನ ವಾರ್ಷಿಕ ಮೀನಿನ ಉತ್ಸವದಲ್ಲಿ ಎರಡು ತಂಡಗಳು ಹಾಡು, ಕುಣಿತಗಳಲ್ಲಿ ಪೈಪೋಟಿ ನಡೆಸುತ್ತವೆ. ಒಂದರ ಹೆಸರು ಕಾರ್ಡಿನಲ್, ಇನ್ನೊಂದರದು ಅಕಾರಾ ಡಿಸ್ಕೋ, ಅಂದರೆ ನಮ್ಮ ಡಿಸ್ಕಸ್! ಮನಾಉಸ್‌ನಲ್ಲಿ 2023ರ ಅಕ್ಟೋಬರಿನಲ್ಲಿ ನದಿಯ ಮಟ್ಟ ಶತಮಾನಕ್ಕೂ ಮಿಕ್ಕಿದ ದಾಖಲೆಗಳಲ್ಲೇ ಅತಿ ಕೆಳಗಿಳಿಯಿತು. 2024ರಲ್ಲಿ ಆ ದಾಖಲೆಯೂ ಮುರಿಯಿತು. ಗಾಜಿನೊಳಗೆ ನಾವು ಕಾಪಾಡಲು ಹೆಣಗುವ ನೀರು ತನ್ನ ತವರಿನಲ್ಲಿಯೇ ಕ್ಷೇಮವಾಗಿಲ್ಲ.

ಡಿಸ್ಕಸ್ ದಂಪತಿಗಳು ಮರಿ ಸಾಕುವ ರೀತಿಯನ್ನು ಹೇಳದೆ ಹೋದರೆ ಲೇಖನ ಅಪೂರ್ಣ. ಮೊಟ್ಟೆಯೊಡೆದು ಈಜತೊಡಗಿದ ಮರಿಗಳು ತಂದೆತಾಯಿಯರ ಮೈಗೆ ಮುತ್ತಿಕೊಂಡು, ಚರ್ಮದಿಂದ ಸ್ರವಿಸುವ ಲೋಳೆಯನ್ನೇ ಹಾಲಿನಂತೆ ಉಣ್ಣುತ್ತವೆ. ಒಬ್ಬರಿಗೆ ದಣಿವಾದಾಗ ಮೈ ಕೊಡವಿ ಮರಿಗಳನ್ನು ಇನ್ನೊಬ್ಬರ ಕಡೆ ದಾಟಿಸುವುದುಂಟು. 2010ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಂತೆ, ಮರಿಯಾಗುವ ಹೊತ್ತಿಗೆ ಈ ಲೋಳೆಯಲ್ಲಿ ಪ್ರೋಟೀನ್ ಮತ್ತು ರೋಗನಿರೋಧಕ ಅಂಶ ಹೆಚ್ಚುತ್ತವೆ. ಸುಮಾರು ಮೂರು ವಾರಗಳ ಬಳಿಕ ತಂದೆತಾಯಿಗಳು ಮರಿಗಳಿಂದ ದೂರ ಈಜತೊಡಗಿ, ಹಾಲು ಬಿಡಿಸಿದಂತೆ ಬಿಡಿಸುತ್ತವೆ. ಡಿಸ್ಕಸ್ ಸೇರಿದ ಸಿಕ್ಲಿಡ್ ಕುಲದ ಮೂರೇ ಮೂರು ಜಾತಿಗಳು ನಮ್ಮ ದೇಶದ ಮೂಲದವು. ಕೇರಳದ ಕರಿಮೀನ್ ಅವುಗಳಲ್ಲಿ ಒಂದು. ಕಿತ್ತಳೆ ಬಣ್ಣದ ಇನ್ನೊಂದರ ಮರಿಗಳೂ ಹಿರಿಯರ ಮೈಲೋಳೆಯನ್ನು ಮೆಲ್ಲುತ್ತವೆ. ಮೂರನೆಯದನ್ನು 1877ರಲ್ಲಿ ಫ್ರಾನ್ಸಿಸ್ ಡೇ ಹೆಸರಿಸಿದ್ದು ಕೆನರಾ ಜಿಲ್ಲೆಯ ಹೆಸರಿನಿಂದಲೇ. ದಕ್ಷಿಣ ಕನ್ನಡದ ನದಿಗಳಲ್ಲಿ ಇಂದು ಅದು ಅಪರೂಪವಾಗಿ, ಅಳಿವಿನಂಚಿನ ಪಟ್ಟಿ ಸೇರಿದೆ.

ಇನ್ನು, ಬೇಸಗೆ ರಜೆಯಲ್ಲಿ ಊರಿಗೆ ಹೊರಡುವವರಿಗೆ ಎರಡು ಮಾತು. ಬೆಳೆದ ಆರೋಗ್ಯವಂತ ಡಿಸ್ಕಸ್ ಒಂದು ವಾರ ಮೇವಿಲ್ಲದೆಯೂ ಇರಬಲ್ಲದು. ನೆರೆಮನೆಯವರು ಪ್ರೀತಿಯಿಂದ ಸುರಿಯುವ ಹಿಡಿ ಮೇವು ಉಪವಾಸಕ್ಕಿಂತ ಅಪಾಯಕರ. ಹೊರಡುವ ಮುನ್ನಾದಿನ ನೀರು ಬದಲಿಸಿ, ಫಿಲ್ಟರ್ ತೊಳೆಯದೆ ಹಾಗೆಯೇ ಬಿಟ್ಟು, ಒಂದೊಂದು ದಿನದ ಮೇವನ್ನು ಬೇರೆಬೇರೆ ಪೊಟ್ಟಣ ಕಟ್ಟಿ ದಿನಾಂಕ ಬರೆದಿಡಿ. ಎರಡು ವಾರ ಮೀರುವುದಾದರೆ ನೀರು ಬದಲಿಸಬಲ್ಲ ಒಬ್ಬ ಹವ್ಯಾಸಿ ಗೆಳೆಯರನ್ನು ಮೊದಲೇ ಒಪ್ಪಿಸಿ, ಡ್ರಮ್ಮು ಎಲ್ಲಿದೆ, ಕಷಾಯದ ಬಾಟಲಿ ಯಾವುದು, ಮೀಟರಿನಲ್ಲಿ ಯಾವ ಅಂಕಿ ಬರಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತೊಟ್ಟಿಯ ಪಕ್ಕದ ಗೋಡೆಗೆ ಅಂಟಿಸಿ ಹೋಗುವುದು.